ತೋರಿಸುವುದೂ ದಾನವೇ?

ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ರೋಗಿಗೆ ಔಷಧ, ಅನಕ್ಷರಸ್ಥನಿಗೆ ಅಕ್ಷರ—ಇವನ್ನು ನೀಡುವುದು ಪರೋಪಕಾರವೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಪಡೆಯುವವನ ಕೊರತೆ ಯಾವುದೆಂಬುದು ಕಣ್ಣಿಗೆ ಕಾಣುತ್ತದೆ. ಕೊಟ್ಟ ಮೇಲೆ ಆ ಕೊರತೆ ನೀಗಿದುದೂ ಕಾಣುತ್ತದೆ. ಆದರೆ ಒಬ್ಬನು ಸಂಜೆಯ ಹೊತ್ತು ನಾಲ್ಕು ಬೀದಿಗಳು ಕೂಡುವಲ್ಲಿ ಒಂದು ದೊಡ್ಡ ದೂರದರ್ಶಕವನ್ನು ನಿಲ್ಲಿಸಿಕೊಂಡು, ಹೋಗಿ ಬರುವವರನ್ನೆಲ್ಲ ಕರೆದು, ಕಾಸು ಕೇಳದೆ ಚಂದ್ರನನ್ನು ತೋರಿಸುತ್ತಾನೆ ಎಂದುಕೊಳ್ಳೋಣ. ಹಸಿದು ಬಂದವನು ಹಸಿದೇ ಹೋಗುತ್ತಾನೆ. ಸಾಲಗಾರನ ಸಾಲ ತೀರುವುದಿಲ್ಲ. ಹಾಗಾದರೆ ಅವನು ಕೊಟ್ಟದ್ದೇನು? ಪಡೆದವನು ಪಡೆದದ್ದೇನು? ಇದನ್ನು ಲೋಕೋಪಕಾರಗಳ ಸಾಲಿನಲ್ಲಿ ಸೇರಿಸಬಹುದೆ, ಅಥವಾ ಉಂಡು ಸುಖವಾಗಿರುವವರ ಹೊತ್ತುಗಳೆಯುವ ವಿನೋದವೆಂದು ಬಿಟ್ಟುಬಿಡಬೇಕೆ?

ದೊಡ್ಡ ನಗರಗಳಲ್ಲಿಯೂ ಕೆಲವು ಸಣ್ಣ ಊರುಗಳಲ್ಲಿಯೂ ಹವ್ಯಾಸಿ ಖಗೋಳವೀಕ್ಷಕರ ಸಂಘಗಳಿವೆ. ಅಂಚೆಯವರು, ಉಪಾಧ್ಯಾಯರು, ಅಂಗಡಿಯವರು, ವಿದ್ಯಾರ್ಥಿಗಳು ಕೂಡಿ ನಡೆಸುವ ಈ ಸಂಘಗಳಿಂದ ಸಮಾಜಕ್ಕೆ ಒದಗುವ ಪ್ರಯೋಜನವನ್ನು ವಿಚಾರಿಸಹೊರಟರೆ ಮೇಲಿನ ಪ್ರಶ್ನೆ ತಾನಾಗಿಯೇ ಎದುರು ನಿಲ್ಲುತ್ತದೆ. ಅದಕ್ಕೆ ಉತ್ತರವನ್ನು ತರ್ಕದಿಂದ ಹುಡುಕುವುದಕ್ಕಿಂತ, ಆ ಉತ್ತರವನ್ನು ಬದುಕಿ ತೋರಿಸಿದ ಒಬ್ಬ ಮನುಷ್ಯನ ಕಥೆಯಿಂದ ಹುಡುಕುವುದು ಲೇಸು. ಆತನು ಅಮೆರಿಕದವನಾದರೂ ನಮಗೆ ತೀರ ಪರಕೀಯನಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ವೇದಾಂತಾಶ್ರಮವೊಂದರಲ್ಲಿ ಸಾಧಕನಾಗಿ ಇದ್ದವನು.

ಜಾನ್ ಡಾಬ್ಸನ್ ಅವರು 1915ರಲ್ಲಿ ಚೀನಾದ ಪೀಕಿಂಗ್ ನಗರದಲ್ಲಿ ಜನಿಸಿದರು. 1927ರಲ್ಲಿ ಕುಟುಂಬವು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಬಂದು ನೆಲೆಸಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1943ರಲ್ಲಿ ರಸಾಯನಶಾಸ್ತ್ರದಲ್ಲಿ ಪದವಿ ಪಡೆದರು. ತಾರುಣ್ಯದಲ್ಲಿ ಅವರು ಕಟ್ಟಾ ನಾಸ್ತಿಕರು. ಅಂಥವರು ಸ್ವಾಮಿ ಅಶೋಕಾನಂದರ ಉಪನ್ಯಾಸಗಳನ್ನು ಕೇಳಿ ಮನಸೋತು, 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸಂಘದ ಆಶ್ರಮವನ್ನು ಸೇರಿದರು. ಈ ಸಂಘವು ಸ್ವಾಮಿ ವಿವೇಕಾನಂದರು 1900ರಲ್ಲಿ ತಾವೇ ಸ್ಥಾಪಿಸಿದ್ದೆಂಬುದನ್ನು ವಾಚಕರು ಬಲ್ಲರು. ಆಧುನಿಕ ವಿಜ್ಞಾನಕ್ಕೂ ವೇದಾಂತಕ್ಕೂ ಇರುವ ಸಂಬಂಧವನ್ನು ವಿಚಾರಿಸುವ ಕೆಲಸವನ್ನು ಗುರುಗಳೇ ಈ ಶಿಷ್ಯನಿಗೆ ವಹಿಸಿದರು. ಆ ವಿಚಾರವು ಶಿಷ್ಯನನ್ನು ಆಕಾಶದ ಕಡೆಗೆ ತಿರುಗಿಸಿತು.

ಆಶ್ರಮವಾಸಿಯ ಬಳಿ ಹಣವೆಲ್ಲಿಯದು? ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಒಂದು ಸಣ್ಣ ಮಸೂರದಿಂದ ಅವರು ತಮ್ಮ ಮೊದಲನೆಯ ದೂರದರ್ಶಕವನ್ನು ಮಾಡಿಕೊಂಡರು. ಅದರಲ್ಲಿ ಶನಿಗ್ರಹದ ಬಳೆಗಳು ಕಂಡವು. ಮುಂದೆ, ಹಡಗುಗಳ ಕಿಟಕಿಗೆ ಹಾಕುವ ದಪ್ಪ ಗಾಜಿನ ಬಿಲ್ಲೆಗಳನ್ನು ಗುಜರಿಯಿಂದ ಸಂಪಾದಿಸಿ, ಅವನ್ನು ತಾವೇ ತಿಕ್ಕಿ ತೀಡಿ ನಿಮ್ನದರ್ಪಣಗಳನ್ನಾಗಿ ಮಾಡಲು ತೊಡಗಿದರು. ಎರಡು ಗಾಜುಗಳ ನಡುವೆ ಒರಟು ಪುಡಿಯನ್ನೂ ನೀರನ್ನೂ ಹಾಕಿ, ಒಂದರ ಮೇಲೊಂದನ್ನು ಸುತ್ತ ತಿರುಗುತ್ತ ಉಜ್ಜುತ್ತ ಹೋದರೆ, ಕೆಳಗಿನದು ಉಬ್ಬುತ್ತದೆ, ಮೇಲಿನದು ತಗ್ಗುತ್ತದೆ. ಬರಬರುತ್ತ ಪುಡಿಯನ್ನು ನಯಗೊಳಿಸುತ್ತ ಹೋಗಬೇಕು. ಕಡೆಯಲ್ಲಿ ಆ ಮೇಲ್ಮೈ ಇರಬೇಕಾದ ಆಕಾರಕ್ಕಿಂತ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟೂ ತಪ್ಪಿರಬಾರದು. ಇಷ್ಟು ಸೂಕ್ಷ್ಮವಾದ ಕೆಲಸವು ಯಾವ ಯಂತ್ರವೂ ಇಲ್ಲದೆ, ಬರಿಯ ಕೈಯಿಂದ, ಬರಿಯ ತಾಳ್ಮೆಯಿಂದ ಆಗುತ್ತದೆಂಬುದನ್ನು ಕೇಳಿದರೆ ಅದೂ ಒಂದು ಬಗೆಯ ಜಪವೆಂದು ತೋರದಿರದು.

ಹನ್ನೆರಡು ಅಂಗುಲದ ದರ್ಪಣವೊಂದನ್ನು ಮುಗಿಸಿ ಅವರು ಅರ್ಧಚಂದ್ರನತ್ತ ಅದನ್ನು ತಿರುಗಿಸಿದಾಗ, ತಾವು ಚಂದ್ರನ ನೆಲದ ಮೇಲೆ ಇಳಿಯುತ್ತಿರುವಂತೆ ಭಾಸವಾಯಿತಂತೆ. ಆ ಕ್ಷಣದಲ್ಲಿ ಮನಸ್ಸಿಗೆ ಬಂದ ವಿಚಾರವು ಮುಖ್ಯವಾದುದು. ‘ನಾನು ಕಂಡೆ’ ಎಂಬ ಹಿಗ್ಗಲ್ಲ ಅದು. ಇದನ್ನು ಎಲ್ಲರೂ ಕಾಣಲೇಬೇಕೆಂಬ ಕಳವಳ. ಒಬ್ಬರೇ ಉಣ್ಣಲಾರದ ಸಂಕೋಚವೊಂದು ಸಜ್ಜನರಲ್ಲಿ ಇರುತ್ತದಷ್ಟೆ. ಇದು ಅದರ ಜಾತಿಗೆ ಸೇರಿದ್ದು.

1958ರಲ್ಲಿ ಡಾಬ್ಸನ್ ಅವರನ್ನು ಸ್ಯಾಕ್ರಮೆಂಟೋ ನಗರದ ಆಶ್ರಮಕ್ಕೆ ಕಳುಹಿಸಲಾಯಿತು. ಅಲ್ಲಿ ಈ ಕೆಲಸಕ್ಕೆ ಅನುಕೂಲವಿರಲಿಲ್ಲ. ಗಾಜು ಉಜ್ಜುವ ಸದ್ದು ಕೇಳಿಸದಿರಲೆಂದು ನೀರಿನೊಳಗೆ ಮುಳುಗಿಸಿ ಉಜ್ಜಿದರು. ಹೊರಗಿನ ಮಿತ್ರರಿಗೆ ಬರೆಯುವ ಪತ್ರಗಳಲ್ಲಿ ದೂರದರ್ಶಕಕ್ಕೆ ‘ಜೆರೇನಿಯಂ ಗಿಡ’ ಎಂಬ ಗುಪ್ತನಾಮವಿತ್ತು. ಕುಂಡದಲ್ಲಿಟ್ಟ ಗಿಡವೆಂದರೆ ಕೊಳವೆಯಲ್ಲಿ ಕೂಡಿಸಿದ ದೂರದರ್ಶಕ, ಹೂ ಬಿಟ್ಟ ಗಿಡವೆಂದರೆ ದರ್ಪಣಕ್ಕೆ ಲೋಹದ ಲೇಪವಾಗಿದೆಯೆಂದು ಅರ್ಥ! ರಾತ್ರಿಯಾದ ಮೇಲೆ ಆಶ್ರಮದಿಂದ ಹೊರಬಿದ್ದು, ನೆರೆಹೊರೆಯ ಮಕ್ಕಳಿಗೂ ದೊಡ್ಡವರಿಗೂ ಆಕಾಶವನ್ನು ತೋರಿಸಿ ಮರಳುತ್ತಿದ್ದರು. ಇದು ಬಹುಕಾಲ ನಡೆಯುವಂಥದಲ್ಲ. ದೂರದರ್ಶಕವೋ ಆಶ್ರಮವೋ ಎಂಬ ಪ್ರಶ್ನೆ ಬಂದಾಗ ಅವರು ಆಶ್ರಮವನ್ನೇ ಆರಿಸಿಕೊಂಡು ಕೆಲಸವನ್ನು ನಿಲ್ಲಿಸಲು ಒಪ್ಪಿದರು. ಆದರೂ 1967ರಲ್ಲಿ ಅವರು ಆಶ್ರಮವನ್ನು ಬಿಡಬೇಕಾಗಿ ಬಂದಿತು. ಆಗ ಅವರಿಗೆ ಐವತ್ತು ದಾಟಿತ್ತು. ಕೈಯಲ್ಲಿ ಹಣವಿಲ್ಲ, ಉದ್ಯೋಗವಿಲ್ಲ, ಮನೆಯಿಲ್ಲ.

ಇಲ್ಲಿ ತೀರ್ಪು ಕೊಡುವ ಆತುರ ಬೇಡ. ವಿದ್ಯಾರ್ಥಿನಿಲಯದ ಗಂಟೆಗೆ ಎದ್ದು, ಗಂಟೆಗೆ ಮಲಗಿ ಬೆಳೆದ ವಾಚಕರಿಗೆ ಶಿಸ್ತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನ ಉತ್ಸಾಹ ಎಷ್ಟೇ ನಿರ್ಮಲವಾಗಿರಲಿ, ಕೂಡಿ ಬದುಕುವ ಸ್ಥಳದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಅಂತಃಪ್ರೇರಣೆಯಂತೆ ಗೋಡೆ ದಾಟತೊಡಗಿದರೆ ಆ ಸ್ಥಳವೇ ಉಳಿಯುವುದಿಲ್ಲ. ಆಶ್ರಮದವರ ದೃಷ್ಟಿಯಲ್ಲಿ ಅವರದು ನ್ಯಾಯವೇ. ಆದರೆ ಗುರುವಿನ ಅಪ್ಪಣೆಯನ್ನು ಕೊನೆಯವರೆಗೆ ನಡೆಸಹೊರಟ ಶಿಷ್ಯನು ಆ ಅಪ್ಪಣೆಯ ಬಲದಿಂದಲೇ ಹೊರಗಾಗುವುದುಂಟು. ಎರಡು ಧರ್ಮಗಳು ಎದುರುಬದುರಾದಾಗ ಒಂದು ಸೋಲಲೇಬೇಕು. ಸೋತದ್ದು ಅಧರ್ಮವೆಂದು ಹೇಳಿ ಸಮಾಧಾನಪಟ್ಟುಕೊಳ್ಳುವುದು ಮಾತ್ರ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಸ್ಯಾನ್‌ಫ್ರಾನ್ಸಿಸ್ಕೋಗೆ ಮರಳಿದ ಡಾಬ್ಸನ್ ಅವರು ದರ್ಪಣ ತಯಾರಿಕೆಯನ್ನು ಕಲಿಸುತ್ತ, ರಾತ್ರಿಗಳಲ್ಲಿ ಬೀದಿಯ ಮೂಲೆಯಲ್ಲಿ ನಿಂತು ದಾರಿಹೋಕರಿಗೆ ಆಕಾಶವನ್ನು ತೋರಿಸತೊಡಗಿದರು. ಅವರ ಕೈಕೆಳಗೆ ಕಲಿತ ಹನ್ನೆರಡು ವರ್ಷದ ಬಾಲಕನೊಬ್ಬನು ಹನ್ನೆರಡು ಅಂಗುಲದ ದೂರದರ್ಶಕವನ್ನು ತಾನೇ ನಿರ್ಮಿಸಿದನು. ಆದರೆ ನಗರದಲ್ಲಿ ಮೊದಲೇ ಇದ್ದ ಹವ್ಯಾಸಿಗಳ ಸಂಘಕ್ಕೆ ಸೇರಲು ಅವನಿಗೆ ವಯಸ್ಸು ಸಾಲದು! ಹೀಗಾಗಿ 1968ರಲ್ಲಿ ಡಾಬ್ಸನ್ ಅವರು ಆ ಬಾಲಕನನ್ನೂ ಮತ್ತೊಬ್ಬ ತರುಣನನ್ನೂ ಕೂಡಿಕೊಂಡು ಬೇರೆಯ ಸಂಘವನ್ನೇ ಕಟ್ಟಿದರು. ‘ಸ್ಯಾನ್‌ಫ್ರಾನ್ಸಿಸ್ಕೋ ಸೈಡ್‌ವಾಕ್ ಅಸ್ಟ್ರಾನಮರ್ಸ್’ ಎಂಬುದು ಅದರ ಹೆಸರು. ಕಾಲುಹಾದಿಯ ಖಗೋಳಜ್ಞರೆಂದರೆ ಆದೀತು. ಬಾಗಿಲಿನ ಹೊರಗೆ ನಿಲ್ಲಿಸಲ್ಪಟ್ಟ ಇಬ್ಬರು—ಒಬ್ಬನು ವಯಸ್ಸಿನಿಂದ, ಒಬ್ಬನು ನಿಯಮದಿಂದ—ಕೂಡಿ ಕಟ್ಟಿದ ಸಂಘಕ್ಕೆ ಬಾಗಿಲೇ ಇಲ್ಲದಿದ್ದುದು ಆಶ್ಚರ್ಯವೇನಲ್ಲ.

ಈ ಸಂಘದ ಉಪಕರಣಗಳ ವಿಷಯವನ್ನೂ ಸ್ವಲ್ಪ ಹೇಳಬೇಕು. ಏಕೆಂದರೆ ಇಲ್ಲಿ ಮಿತವ್ಯಯವು ನೀತಿಯೂ ಆಗಿದೆ. ಅಲ್ಲಿಯವರೆಗೆ ಹವ್ಯಾಸಿಗಳು ದೂರದರ್ಶಕವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ತಿರುಗುವ ಭಾರವಾದ ಲೋಹದ ಆಸರೆಯ ಮೇಲೆ ಕೂಡಿಸುತ್ತಿದ್ದರು. ಅದು ಬೆಲೆಯುಳ್ಳದ್ದು, ಹೊರಲಾರದ್ದು. ಡಾಬ್ಸನ್ ಅವರು ಅದನ್ನು ಬಿಟ್ಟು, ಫಿರಂಗಿಯನ್ನು ಕೂಡಿಸುವಂತೆ, ಮೇಲೆ ಕೆಳಗೆ ಮತ್ತು ಎಡಕ್ಕೆ ಬಲಕ್ಕೆ ಮಾತ್ರ ತಿರುಗುವ ಒಂದು ಮರದ ಪೆಟ್ಟಿಗೆಯನ್ನು ಮಾಡಿದರು. ಕಾಂಕ್ರೀಟ್ ಕಂಬಗಳನ್ನು ಎರಕ ಹೊಯ್ಯಲು ಬಳಸುವ ರಟ್ಟಿನ ಕೊಳವೆಯೇ ದೂರದರ್ಶಕದ ಮೈ. ಪ್ಲೈವುಡ್ಡಿನ ಪೆಟ್ಟಿಗೆಯೇ ಪೀಠ. ನುಣುಪಾದ ಟೆಫ್ಲಾನ್ ತುಂಡುಗಳ ಮೇಲೆ ಅದು ಜಾರುತ್ತದೆ. ಬೆರಳಿನಿಂದ ತಳ್ಳಿದರೆ ಚಲಿಸುತ್ತದೆ, ಬಿಟ್ಟರೆ ನಿಲ್ಲುತ್ತದೆ. ಸಾವಿರಾರು ಡಾಲರುಗಳ ಕೆಲಸವು ಒಬ್ಬ ಬಡಗಿಯ ಕೆಲಸವಾಯಿತು. ಇಂದು ಪ್ರಪಂಚದಾದ್ಯಂತ ‘ಡಾಬ್ಸೋನಿಯನ್’ ಎಂದು ಹೆಸರಾಗಿರುವ ಈ ಮಾದರಿಯನ್ನು ಅನೇಕ ಕಾರ್ಖಾನೆಗಳು ತಯಾರಿಸಿ ಮಾರುತ್ತಿವೆ. ಅವರು ಇದಕ್ಕೆ ಸ್ವಾಮ್ಯದ ಹಕ್ಕನ್ನು ಪಡೆಯಲಿಲ್ಲ. ಪಡೆದಿದ್ದರೆ ಸಿರಿವಂತರಾಗುತ್ತಿದ್ದರೆಂದು ಹೇಳುವವರಿದ್ದಾರೆ. ದೂರದರ್ಶಕದ ಹಿರಿಮೆಯು ಅದರ ಗಾತ್ರದಲ್ಲಿಯೂ ಇಲ್ಲ, ಅಂದದಲ್ಲಿಯೂ ಇಲ್ಲ, ಅದರೊಳಗೆ ಎಷ್ಟು ಮಂದಿ ಭಾಗ್ಯಹೀನರು ನೋಡಿದರೆಂಬುದರಲ್ಲಿದೆ ಎಂಬುದು ಅವರ ಮಾತಿನ ತಾತ್ಪರ್ಯ. ಇದನ್ನು ನಮ್ಮ ಸಂಪತ್ತಿನ ಎಲ್ಲ ಬಗೆಗಳಿಗೂ ಅನ್ವಯಿಸಿ ನೋಡಿದರೆ ಅನೇಕರಿಗೆ ನಿದ್ರೆ ಬಾರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಕಾಲುಹಾದಿಯಲ್ಲಿ ನಿಂತು ಒಂದು ನಿಮಿಷ ನೋಡಿದವನಿಗೆ ದೊರೆತದ್ದೇನು?

ಶನಿಗ್ರಹವನ್ನು ಮೊದಲ ಸಲ ನೋಡಿದವರಲ್ಲಿ ಎಷ್ಟೋ ಮಂದಿ ತಲೆಯೆತ್ತಿ, ಕೊಳವೆಯ ಮುಂಭಾಗಕ್ಕೆ ಹೋಗಿ ಬಗ್ಗಿ ನೋಡುತ್ತಾರೆ. ಒಳಗೆ ಯಾರೋ ಚಿತ್ರವನ್ನು ಅಂಟಿಸಿದ್ದಾರೆಂದು ಅವರ ಗುಮಾನಿ! ನಗುವಂಥ ಸಂಗತಿಯೇನೋ ಹೌದು. ಆದರೆ ಯೋಚಿಸಿದರೆ ಇದರಲ್ಲಿ ಒಂದು ಆಳವಾದ ವಿಷಯವಿದೆ. ಅದೇ ಮನುಷ್ಯನು ಶನಿಗೆ ಬಳೆಗಳಿವೆಯೆಂದು ಶಾಲೆಯ ಪುಸ್ತಕದಲ್ಲಿ ಓದಿದಾಗ ಗುಮಾನಿಪಡಲಿಲ್ಲ; ಪರೀಕ್ಷೆಯಲ್ಲಿ ಬರೆದು ಅಂಕ ಪಡೆದನು. ಶನಿಯ ದೆಸೆಯಿಂದ ಏಳೂವರೆ ವರ್ಷ ಕಷ್ಟವೆಂದು ಯಾರೋ ಹೇಳಿದಾಗಲೂ ಗುಮಾನಿಪಡಲಿಲ್ಲ. ಎರಡನ್ನೂ ಒಂದೇ ರೀತಿಯಲ್ಲಿ, ಕೇಳಿ ನಂಬಿದನು. ನೂರಾರು ಕೋಟಿ ಕಿಲೋಮೀಟರುಗಳ ಆಚೆಯಿಂದ ಒಂದು ಗಂಟೆಗೂ ಮೀರಿ ಪಯಣಿಸಿ ಬಂದ ಬೆಳಕು ತನ್ನ ಕಣ್ಣಿಗೇ ತಾಗಿದಾಗ ಮಾತ್ರ, ಜೀವನದಲ್ಲಿ ಮೊದಲ ಬಾರಿಗೆ, ‘ಇದು ನಿಜವೇ?’ ಎಂಬ ಪ್ರಶ್ನೆ ಅವನಲ್ಲಿ ಹುಟ್ಟಿತು. ಪರೀಕ್ಷಿಸಬಹುದಾದ ವಸ್ತು ಎದುರಿಗೆ ಬಂದಾಗಲೇ ಪರೀಕ್ಷಿಸುವ ಬುದ್ಧಿಯೂ ಏಳುತ್ತದೆ.

ನಮ್ಮ ದಾರ್ಶನಿಕರು ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾದ ಪ್ರಮಾಣಗಳನ್ನು ವಿಂಗಡಿಸಿದರು. ಮನುಷ್ಯನ ಬಾಳಿನಲ್ಲಿ ಶಬ್ದಪ್ರಮಾಣವೇ ಹೆಚ್ಚು. ಹಾಗಿರುವುದು ಅನಿವಾರ್ಯವೂ ಹೌದು. ಎಲ್ಲವನ್ನೂ ತಾನೇ ಕಂಡು ತಿಳಿಯಲು ಯಾರಿಗೂ ಆಯುಷ್ಯ ಸಾಲದು. ಆದರೆ ಯಾವ ಒಂದು ವಿಷಯವನ್ನೂ ತಾನೇ ಕಂಡು ತಿಳಿಯದವನಿಗೆ ‘ಕಂಡು ತಿಳಿಯುವುದು’ ಎಂದರೆ ಏನೆಂಬುದೇ ತಿಳಿಯದು. ಅವನಿಗೆ ಪಂಡಿತನೂ ಒಂದೇ, ವಂಚಕನೂ ಒಂದೇ. ಗಟ್ಟಿಯಾಗಿ ಹೇಳಿದವನು ಗೆದ್ದ. ಹವ್ಯಾಸಿ ಸಂಘವು ಜನಕ್ಕೆ ಕೊಡುವುದು ಖಗೋಳಶಾಸ್ತ್ರವನ್ನಲ್ಲ. ಒಂದು ನಿಮಿಷದಲ್ಲಿ ಶಾಸ್ತ್ರವನ್ನು ಕೊಡಲಾಗದು. ಅದು ಕೊಡುವುದು ಸಾಕ್ಷಿಯ ಸ್ಥಾನವನ್ನು. ‘ಹೇಳುತ್ತಾರೆ’ ಎನ್ನುತ್ತಿದ್ದವನು ‘ನೋಡಿದೆ’ ಎನ್ನುತ್ತಾನೆ.

ಒಂದು ನೋಟದಿಂದ ಬಹಳ ಸಾಧಿಸಿದಂತಾಗದೆಂಬ ಆಕ್ಷೇಪವನ್ನು ಒಪ್ಪತಕ್ಕದ್ದೇ. ಗೆಲಿಲಿಯೋ 1610ರ ಜನವರಿಯಲ್ಲಿ ಗುರುಗ್ರಹದ ಪಕ್ಕದಲ್ಲಿ ಕೆಲವು ಚುಕ್ಕೆಗಳನ್ನು ಕಂಡದ್ದು ದೊಡ್ಡದಲ್ಲ. ಮರುರಾತ್ರಿ, ಅದರ ಮರುರಾತ್ರಿ ಮತ್ತೆ ನೋಡಿದ್ದು ದೊಡ್ಡದು. ಅವು ಜಾಗ ಬದಲಿಸಿದವು, ಆದರೆ ಗುರುವನ್ನು ಬಿಟ್ಟು ಹೋಗಲಿಲ್ಲ. ಆದ್ದರಿಂದ ಎಲ್ಲವೂ ಭೂಮಿಯನ್ನೇ ಸುತ್ತುತ್ತಿಲ್ಲವೆಂದಾಯಿತು. ಇಂದು ಎರಡು ಮೂರು ಅಂಗುಲದ ಸಾಮಾನ್ಯ ದೂರದರ್ಶಕದಲ್ಲಿಯೂ ಇದೇ ನಾಲ್ಕು ಚಂದ್ರರು ಕಾಣುತ್ತವೆ. ಸಂಚಾರಿ ಪ್ರದರ್ಶನಕ್ಕಿಂತ ಊರಿನಲ್ಲೇ ನೆಲೆನಿಂತ ಸಂಘವು ಮೇಲೆನ್ನಲು ಕಾರಣವಿದೇ. ನಾಳೆ ಬಂದು ತಾಳೆ ನೋಡು ಎಂದು ಹೇಳಲು, ನಾಳೆಯೂ ಅಲ್ಲಿಯೇ ಇರುವವರು ಬೇಕು.

ಡಾಬ್ಸನ್ ಅವರ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಮರೆಮಾಚಬಾರದು. ವಿಶ್ವದ ಉತ್ಪತ್ತಿಯ ಬಗ್ಗೆ ಅವರಿಗೆ ತಮ್ಮದೇ ಆದ ಸಿದ್ಧಾಂತವಿತ್ತು. ಮಹಾಸ್ಫೋಟದಿಂದ ವಿಶ್ವವು ಹುಟ್ಟಿತೆಂಬುದನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ಅವರ ವಾದವನ್ನು ಖಗೋಳವಿಜ್ಞಾನಿಗಳು ಒಪ್ಪಲಿಲ್ಲ. ಇದರಿಂದ ಅವರ ಕೆಲಸಕ್ಕೆ ಕುಂದಾಯಿತೆ? ಆಗಲಿಲ್ಲ. ಅವರ ಉಪನ್ಯಾಸವನ್ನು ಕೇಳಿ ತಲೆಯಲ್ಲಾಡಿಸಿದವನೂ ಅವರ ದೂರದರ್ಶಕದಲ್ಲಿ ಕಂಡದ್ದು ಚಂದ್ರನನ್ನೇ. ಉಪದೇಶಿಸುವವನ ತಪ್ಪು ಶಿಷ್ಯನಿಗೆ ಹತ್ತುತ್ತದೆ; ತೋರಿಸುವವನ ತಪ್ಪು ನೋಡುವವನಿಗೆ ಹತ್ತುವುದಿಲ್ಲ.

ಉಪಯುಕ್ತತೆಯ ಲೆಕ್ಕವನ್ನೇ ಕೇಳುವವರಿಗೂ ಹೇಳಲು ಮಾತಿಲ್ಲದಿಲ್ಲ. ಕಾಂತಿಯಲ್ಲಿ ಏರಿಳಿಯುವ ನಕ್ಷತ್ರಗಳನ್ನು ಕಾಯುತ್ತಿರಲು ದೊಡ್ಡ ವೀಕ್ಷಣಾಲಯಗಳಿಗೆ ಪುರಸತ್ತಿಲ್ಲ; 1911ರಲ್ಲಿ ಅಮೆರಿಕದಲ್ಲಿ ಆರಂಭವಾದ ಚರತಾರಾ ವೀಕ್ಷಕರ ಸಂಘವು ಹವ್ಯಾಸಿಗಳಿಂದ ಕೋಟಿಗಟ್ಟಲೆ ವೀಕ್ಷಣೆಗಳನ್ನು ಸಂಗ್ರಹಿಸಿದೆ. ಬೀದಿಯ ದೀಪಗಳು ಆಕಾಶಕ್ಕೆ ಬೆಳಕನ್ನು ಚೆಲ್ಲಿ ವಿದ್ಯುತ್ತನ್ನು ಪೋಲುಮಾಡುವುದನ್ನು ಎತ್ತಿ ಹೇಳಲು 1988ರಲ್ಲಿ ಅರಿಜೋನಾದ ಟೂಸಾನ್ ನಗರದಲ್ಲಿ ಸಂಸ್ಥೆಯೊಂದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ವೃತ್ತಿಯ ಖಗೋಳಜ್ಞರು, ಇನ್ನೊಬ್ಬರು ಹವ್ಯಾಸಿಯಾದ ವೈದ್ಯರು. 1997ರಲ್ಲಿ ನಮ್ಮ ಊರುಗಳಲ್ಲಿಯೂ ಬರಿಗಣ್ಣಿಗೆ ಕಂಡ ಹೇಲ್-ಬಾಪ್ ಧೂಮಕೇತುವಿನ ಕಥೆಯಂತೂ ಸ್ವಾರಸ್ಯವಾದುದು. 1995ರ ಜುಲೈ 23ರ ರಾತ್ರಿ ಅದನ್ನು ಕಂಡ ಇಬ್ಬರಲ್ಲಿ ಥಾಮಸ್ ಬಾಪ್ ಎಂಬವರ ಬಳಿ ಸ್ವಂತ ದೂರದರ್ಶಕವೇ ಇರಲಿಲ್ಲ. ಮಿತ್ರರೊಡನೆ ಅರಿಜೋನಾದ ಮರುಭೂಮಿಗೆ ಹೋಗಿದ್ದಾಗ, ಗೆಳೆಯನ ದೂರದರ್ಶಕಕ್ಕೆ ಕಣ್ಣಿಡುವ ಸರದಿ ಬಂದಾಗ ಕಂಡರು. ಗೆಳೆಯನು ತನ್ನ ಸರದಿಯನ್ನು ಬಿಟ್ಟುಕೊಡದಿದ್ದರೆ ಆ ಹೆಸರು ಬೇರೆಯಾಗುತ್ತಿತ್ತು. ಆದರೂ ಈ ಲಾಭಗಳ ಮೇಲೆಯೇ ವಾದವನ್ನು ನಿಲ್ಲಿಸಲು ನನಗೆ ಇಷ್ಟವಿಲ್ಲ. ಧೂಮಕೇತು ಸಿಕ್ಕದ ಸಂಘಗಳೇ ಹೆಚ್ಚು; ಅವುಗಳೂ ನಿರರ್ಥಕವಲ್ಲ.

ಕೇಳಿದ್ದನ್ನು ಮಾತ್ರ ನಂಬಿ, ಯಾವುದನ್ನೂ ಕಾಣದೆ ಇದ್ದರೆ ನಷ್ಟವೇನೆಂದು ಕೇಳಿದರೆ, ಉತ್ತರಕ್ಕೆ ಸ್ಯಾನ್‌ಫ್ರಾನ್ಸಿಸ್ಕೋವರೆಗೆ ಹೋಗಬೇಕಾಗಿಲ್ಲ. ನಮ್ಮ ನಾಡಿನಲ್ಲಿ ಆದ ಎರಡು ಗ್ರಹಣಗಳೇ ಸಾಕು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಅದಕ್ಕಾಗಿ ವಿಜ್ಞಾನಿಗಳು ದೂರದೂರದಿಂದ ಸಾಮಗ್ರಿಗಳನ್ನು ಹೊತ್ತು ಇಲ್ಲಿಗೆ ಬಂದರು. ಎರಡು ನಿಮಿಷಕ್ಕೂ ಮೀರಿ, ಹಗಲಿನಲ್ಲಿಯೇ ಇರುಳಾಗಿ, ಸೂರ್ಯನ ಬೆಳ್ಳಿಯ ಪ್ರಭೆ ಬಾನಿನಲ್ಲಿ ತೆರೆದುಕೊಂಡಾಗ, ಆ ನೆಲದ ಮಕ್ಕಳಲ್ಲಿ ಬಹುಮಂದಿ ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡು ಒಳಗೆ ಕುಳಿತಿದ್ದರು. ಸೂರ್ಯನನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣು ಕೆಡುವುದು ನಿಜ. ಭಯದಲ್ಲಿ ಅಷ್ಟು ಸತ್ಯವಿತ್ತು. ಆದರೆ ರಟ್ಟಿನಲ್ಲಿ ಸೂಜಿಯಿಂದ ಒಂದು ರಂಧ್ರ ಮಾಡಿ ಬಿಂಬವನ್ನು ನೆಲದ ಮೇಲೆ ಬೀಳಿಸಿ ನೋಡಿದರೆ ಯಾವ ಅಪಾಯವೂ ಇಲ್ಲವೆಂದು ಮಗ್ಗುಲಲ್ಲಿ ನಿಂತು ಮಾಡಿ ತೋರಿಸುವವರು ಪ್ರತಿ ಊರಿನಲ್ಲಿಯೂ ಇರಲಿಲ್ಲ.

ಎರಡನೆಯದು ನೆನೆಯಲು ಕಷ್ಟವಾದುದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರ್ಗಿ ಜಿಲ್ಲೆಯ ಗ್ರಾಮವೊಂದರಲ್ಲಿ ಅಂಗವಿಕಲ ಮಕ್ಕಳನ್ನು, ಅವರ ನ್ಯೂನತೆ ವಾಸಿಯಾಗುವುದೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಅಳುತ್ತಿರುವ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆ ತಂದೆತಾಯಿಗಳನ್ನು ಮೂಢರೆಂದು ಹಳಿದವರು ಬಹುಮಂದಿ. ಹಳಿಯುವುದು ಸುಲಭ. ಬೇರೆ ಯಾವ ದಾರಿಯೂ ಕಾಣದೆ, ಮಗುವಿನ ಮೇಲಣ ಪ್ರೀತಿಯಿಂದಲೇ ಅವರು ಗುಂಡಿ ತೋಡಿದರೆಂಬುದನ್ನು ಮರೆಯಬಾರದು. ಅವರಿಗೆ ಮೊದಲು ಬೇಕಾದದ್ದು ವೈದ್ಯರು, ಆರೈಕೆ, ಆಸರೆ, ದೂರದರ್ಶಕವಲ್ಲ. ಇದನ್ನು ಒಪ್ಪಿಯೇ ಒಂದು ಮಾತು ಹೇಳಬೇಕಾಗಿದೆ. ಗ್ರಹಣಕ್ಕೆ ಆ ಶಕ್ತಿಯಿದೆಯೆಂದು ಹೇಳುವವರು ಊರಿನಲ್ಲಿಯೇ ಇದ್ದರು, ಪರಿಚಿತರಾಗಿದ್ದರು. ಇಲ್ಲವೆಂದು ಹೇಳುವವರು ಮರುದಿನ ಪತ್ರಿಕೆಯಲ್ಲಿ ಬಂದರು, ಕೋಪದಿಂದ ಬಂದರು. ಅಂಜಿದ ಮನಸ್ಸು ಯಾರ ಮಾತನ್ನು ಹಿಡಿಯುತ್ತದೆ? ವರ್ಷವಿಡೀ ಹುಣ್ಣಿಮೆ ಅಮಾವಾಸ್ಯೆಗಳ ನಡುವೆ ತನ್ನ ಮಗುವನ್ನು ಎತ್ತಿ ಹಿಡಿದು ಚಂದ್ರನ ಗುಳಿಗಳನ್ನು ತೋರಿಸಿದ ನೆರೆಯವನೊಬ್ಬನಿದ್ದಿದ್ದರೆ, ಆ ದಿನ ಅವನ ಮಾತಿಗೆ ಸ್ವಲ್ಪ ತೂಕವಿರುತ್ತಿತ್ತು. ಖಂಡಿತವಾಗಿ ಗೆಲ್ಲುತ್ತಿತ್ತೆಂದು ಹೇಳಲಾರೆ.

ಸಂಘ ಕಟ್ಟುವವರಿಗೆ ಒಂದು ಎಚ್ಚರಿಕೆಯೂ ಸಲ್ಲುತ್ತದೆ. ಬೆಲೆಯುಳ್ಳ ಉಪಕರಣಗಳನ್ನು ಕೊಂಡು, ಊರಿನಿಂದ ಮೂವತ್ತು ಮೈಲಿ ದೂರದ ಕತ್ತಲಿಗೆ ಹೋಗಿ, ಸದಸ್ಯರು ಸದಸ್ಯರಿಗೇ ನೀಹಾರಿಕೆಗಳನ್ನು ತೋರಿಸಿ ಮರಳುವ ಸಂಘಗಳು ಇಲ್ಲದಿಲ್ಲ. ಅದೂ ಸಂತೋಷವೇ, ತಪ್ಪಲ್ಲ. ಆದರೆ ಅದನ್ನು ಜನೋಪಯೋಗಿಯೆಂದು ಕರೆದುಕೊಳ್ಳುವ ಮೊದಲು ಜನರನ್ನು ಕಾಣಬೇಕು. ಚಂದ್ರನೂ ಗುರುವೂ ಶನಿಯೂ ಪೇಟೆಯ ದೀಪಗಳ ನಡುವೆಯೂ ಸ್ಪಷ್ಟವಾಗಿ ಕಾಣುತ್ತವೆ. ಸಂತೆಯ ದಿನ ಬಸ್ಸಿಗಾಗಿ ಕಾಯುವವನಿಗೆ ಅವು ಸಾಕು. ಜೊತೆಗೆ ಮಕ್ಕಳಿಗಾಗಿ ಒಂದು ಸಣ್ಣ ಏಣಿ, ಮತ್ತು ಅದೇ ಪ್ರಶ್ನೆಗೆ ಇನ್ನೂರನೆಯ ಸಲವೂ ಬೇಸರಿಸದೆ ಉತ್ತರಿಸುವ ಒಬ್ಬ ಮನುಷ್ಯ. ಡಾಬ್ಸನ್ ಅವರು ಇಳಿವಯಸ್ಸಿನಲ್ಲಿಯೂ ಈ ಕೆಲಸವನ್ನು ಬಿಡದೆ ನಡೆಸಿ, 2014ರ ಜನವರಿಯಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

2031ರ ಮೇ 21ರಂದು ಕಂಕಣ ಸೂರ್ಯಗ್ರಹಣವು ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗಲಿದೆ. ಕರ್ನಾಟಕದಲ್ಲಿ ಅದು ಪಾರ್ಶ್ವಗ್ರಹಣವಾಗಿ ಕಾಣುವುದು. ಅಂದು ಬುಧವಾರ, ಮಕ್ಕಳಿಗೆ ಬೇಸಿಗೆಯ ರಜೆಯ ಕಾಲ. ಒಂದು ದರ್ಪಣವನ್ನು ಕೈಯಿಂದ ಉಜ್ಜಿ ಮುಗಿಸಲು ಹೊಸಬನಿಗೆ ಕೆಲವು ತಿಂಗಳುಗಳು ಬೇಕಾಗುತ್ತವೆ.